ಗುಡಿ ಫ್ಯಾನಿಗೂ ಹೆಸರಿದೆ, ಪಾರ್ಟಿ ಹಣಕ್ಕೆ?

ನಮಸ್ಕಾರ್ರೀ. ನಮ್ಮ ಹುಬ್ಬಳ್ಳಿಯ ಯಾವುದಾದರೂ ಓಣಿ ಗುಡಿಗೆ ಹೋಗಿ, ತಲೆ ಎತ್ತಿ ನೋಡಿ. ಫ್ಯಾನಿನ ರೆಕ್ಕೆ ಮೇಲೆ ಕೊಟ್ಟವರ ಹೆಸರು ಇರುತ್ತದೆ. ಓದಬೇಕಂದ್ರೆ ಕರೆಂಟ್ ಹೋಗಬೇಕು, ಆ ಮಾತು ಬೇರೆ. ಗಣಪತಿ ಪಟ್ಟಿಗೆ 51 ರೂಪಾಯಿ ಕೊಟ್ಟರೂ ಹುಡುಗರು ಪಾವತಿ ಹರಿದು ಕೈಗೆ ಕೊಡುತ್ತಾರೆ.

ಇದೇನು ಹೊಸ ಚಾಳಿ ಅಲ್ಲ. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದು ಅತ್ತಿಮಬ್ಬೆ ಅಂತ 1007ರ ಶಾಸನ ಇವತ್ತಿಗೂ ಹೇಳುತ್ತದೆ. ಸಾವಿರ ವರ್ಷ ಆಯಿತು.

ಈಗ 2018ಕ್ಕೆ ಬನ್ನಿ. ಚುನಾವಣಾ ಬಾಂಡ್ ಬಂತು. ಸ್ಟೇಟ್ ಬ್ಯಾಂಕಿನಲ್ಲಿ ಕೊಳ್ಳಿ, ಪಾರ್ಟಿಗೆ ಕೊಡಿ, ಬಾಂಡಿನ ಮೇಲೆ ಹೆಸರಿಲ್ಲ.

ದುರ್ಗದಬೈಲಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಕಾಕಾ ಆಗ ಇದನ್ನು ಒಪ್ಪಿಕೊಂಡಿದ್ದರು. "ಹೆಸರು ಹೊರಗ ಬಂದ್ರ, ನಾಳೆ ಇನ್ನೊಂದು ಪಾರ್ಟಿಯವರು ಅಂಗಡಿ ಮುಂದ ಬಂದು ನಿಂದರ್ತಾರಲೇ" ಅಂದರು. ಸರಕಾರ ಹೇಳಿದ ಕಾರಣವೂ ಇದೇ. ಆ ಹೆದರಿಕೆ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಕಾಕಾನಂಥವರ ಹೆಸರು ಮೊದಲೇ ಮರೆಯಲ್ಲಿತ್ತು! 20 ಸಾವಿರಕ್ಕಿಂತ ಜಾಸ್ತಿ ಕೊಟ್ಟವರ ಹೆಸರನ್ನಷ್ಟೇ ಪಾರ್ಟಿಗಳು ಚುನಾವಣಾ ಆಯೋಗಕ್ಕೆ ಕೊಡಬೇಕು. ಬಾಂಡ್ ಸಾವಿರ ರೂಪಾಯಿಗೂ ಸಿಗುತ್ತಿತ್ತು, ಸರಿ. ಆದರೆ ಮಾರಾಟವಾದ ಹಣದಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ 1 ಕೋಟಿ ರೂಪಾಯಿ ಬಾಂಡ್‌ಗಳದ್ದು. ಗಿರಮಿಟ್ ಮಾರುವವನ ಹೆಸರು ಹೇಳಿ ಕೋಟಿ ಕುಳಗಳಿಗೆ ಪರದೆ ಕಟ್ಟಿದರು, ಅಷ್ಟೇ.

ಆ ಪರದೆಯಾದರೂ ಯಾರಿಗೆ? ಬಾಂಡ್ ಕೊಂಡವರ ಕೆವೈಸಿ ಬ್ಯಾಂಕಿನ ಹತ್ತಿರ ಇತ್ತು. ಬ್ಯಾಂಕು ಸರಕಾರದ್ದು. ಗೊತ್ತಿಲ್ಲದೆ ಉಳಿದವರು ವೋಟು ಹಾಕುವ ನಾವು.

2024ರ ಫೆಬ್ರುವರಿ 15ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಈ ಬಾಂಡ್ ಯೋಜನೆ ರದ್ದು ಮಾಡಿದರು. ಕೋರ್ಟ್ ಕೇಳಿದ ಬಾಂಡ್ ಲೆಕ್ಕ ಕೊಡಲು ಬ್ಯಾಂಕು ಜೂನ್ 30ರವರೆಗೆ ಟೈಮ್ ಕೇಳಿತು. ಕೋರ್ಟ್ ಬಗ್ಗಲಿಲ್ಲ. ಮಾರ್ಚ್ ತಿಂಗಳಲ್ಲೇ ಹೆಸರು ಹೊರಬಿದ್ದವು.

ಆದರೆ ನಾವು ವಿಧಾನಸಭೆಗೆ ವೋಟು ಹಾಕಿದ್ದು ಯಾವಾಗ? 2023ರ ಮೇ 10ಕ್ಕೆ. ಯಾರ ದುಡ್ಡಿನಲ್ಲಿ ಬ್ಯಾನರ್ ಕಟ್ಟಿದರು, ಯಾರ ದುಡ್ಡಿನಲ್ಲಿ ಜೀಪು ಓಡಿತು ಅನ್ನೋದು ತಿಳಿಯುವ ಹೊತ್ತಿಗೆ ಬೆರಳಿನ ಶಾಯಿ ಅಳಿಸಿ ತಿಂಗಳುಗಟ್ಟಲೆ ಆಗಿತ್ತು.

ಬಾಂಡ್ ಹೋಯಿತು, ಈ ರೋಗ ಹೋಗಲಿಲ್ಲ. ಈಗ ಚೆಕ್ಕು, ಇಲ್ಲವೇ ದೇಣಿಗೆ ಕೂಡಿಸಿ ಪಾರ್ಟಿಗಳಿಗೆ ಹಂಚುವ ಎಲೆಕ್ಟೋರಲ್ ಟ್ರಸ್ಟ್ ಮೂಲಕ ಹಣ ಬರುತ್ತದೆ. ಹೆಸರು ಬರೆಯುತ್ತಾರೆ ನಿಜ. ಆದರೆ ಪಟ್ಟಿ ಕೊಡುವುದು ವರ್ಷಕ್ಕೊಮ್ಮೆ, ಹಣಕಾಸು ವರ್ಷ ಮುಗಿದು ಎಷ್ಟೋ ತಿಂಗಳಾದ ಮೇಲೆ. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ಪೆಂಡಾಲಿನ ಖರ್ಚು ಓದಿ ಹೇಳಿದ ಹಾಗೆ. ಇನ್ನೊಂದು ತಮಾಷೆ ಗೊತ್ತಾ? ನಮ್ಮಲ್ಲಿ ಎಂಎಲ್ಎ ಅಭ್ಯರ್ಥಿ ಖರ್ಚಿಗೆ 40 ಲಕ್ಷದ ಮಿತಿ ಇದೆ, ಪಾರ್ಟಿ ಖರ್ಚಿಗೆ ಮಿತಿಯೇ ಇಲ್ಲ.

ನನ್ನ ಪ್ರಕಾರ ದೊಡ್ಡ ಮೊತ್ತ ಕೊಟ್ಟವರ ಹೆಸರು ಮತದಾನಕ್ಕೆ ಮೊದಲೇ ಬರಬೇಕು. ಬ್ಯಾಂಕ್ ಮೂಲಕ ಬರುವ ಹಣಕ್ಕೆ ಹೆಸರು ಹೇಳಲು ಒಂದು ವಾರ ಸಾಕು. ಕಾಕಾನಿಗೆ ಹೀಗಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತು, "ಮುಂದಿನ ಸಲ ವೋಟು ಕೇಳಾಕ ಬಂದ್ರ ಒಂದ ಮಾತು ಕೇಳ್ತೀನಿ" ಅಂದರು.

"ಏನು?"

"ಪಾವತಿ ಪುಸ್ತಕ ತಂದೀರೇನ್ರೀ?"