ಹೂಟರ್ ಕೂಗಿದರೆ ಏನು ಮಾಡಬೇಕು?

ನಮಸ್ಕಾರ. ತೋರಣಗಲ್ಲು, ಕುಡಿತಿನಿ, ಗಿಣಿಗೇರಾ, ಶಕ್ತಿನಗರ, ಯಾವ ಕಂಟ್ರೋಲ್ ರೂಮಿನವರೇ ಆಗಿರಿ, ಇವತ್ತಿನ ಮಾತು ನಿಮಗೇ. ಅಲಾರಂ ಬಗ್ಗೆ.

ಹಳೇ ಪ್ಯಾನೆಲ್ ಕಾಲದಲ್ಲಿ ಒಂದು ಅಲಾರಂ ಸೇರಿಸಲು ಕೇಬಲ್ ಎಳೆಯಬೇಕಿತ್ತು, ದೀಪ ಕೂರಿಸಬೇಕಿತ್ತು. ಖರ್ಚಿತ್ತು, ಹಾಗಾಗಿ ಯೋಚನೆಯೂ ಇತ್ತು. ಈಗ ಡಿಸಿಎಸ್‌ನಲ್ಲಿ, ಅಂದರೆ ಪ್ಲಾಂಟ್ ನಡೆಸುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಒಂದು ಕ್ಲಿಕ್ ಸಾಕು. ಪ್ರತಿ ಟ್ಯಾಗಿಗೂ (ಅಳೆಯುವ ಪ್ರತಿ ಬಿಂದುವಿಗೂ) ಹೈ, ಹೈ-ಹೈ, ಲೋ, ಲೋ-ಲೋ ಅಂತ ಅಲಾರಂ ಮಿತಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಹೊರೆಯೆಲ್ಲ ಆಪರೇಟರ್ ತಲೆಗೆ.

1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫೋರ್ಡ್ ಹೇವನ್ ರಿಫೈನರಿಯಲ್ಲಿ ಸ್ಫೋಟ ಆಯಿತು. ಅದಕ್ಕೂ ಮುಂಚಿನ 11 ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ ಬಂದ ಅಲಾರಂ 275. ಅವರು ಓದಬೇಕೋ, ಅಕ್ನಾಲೆಜ್ (‘ನೋಡಿದೆ’ ಅನ್ನೋ ಬಟನ್) ಒತ್ತಬೇಕೋ, ಪ್ಲಾಂಟ್ ನೋಡಬೇಕೋ?

ಅದಕ್ಕೇ ಒಂದೊಂದು ಅಲಾರಂ ಹಾಕುವಾಗಲೂ ಕೇಳಿ: ಇದು ಬಂದರೆ ಆಪರೇಟರ್ ಏನು ಮಾಡಬೇಕು? ‘ಸುಮ್ನೆ ಗೊತ್ತಿರಲಿ ಅಂತ’ ಅನ್ನೋದೇ ಉತ್ತರವಾದರೆ ಅದನ್ನು ಹೂಟರ್ ಇಲ್ಲದೆ ಬರೀ ದಾಖಲಾಗುವ ಈವೆಂಟ್ ಲಾಗ್‌ಗೆ ಕಳಿಸಿ.

ಬಾಯ್ಲರ್ ಡ್ರಮ್ ಲೆವೆಲ್, ಅಂದರೆ ಬಾಯ್ಲರಿನ ಡ್ರಮ್‌ನಲ್ಲಿರುವ ನೀರಿನ ಮಟ್ಟ, ನೋಡಿ. ಕುದಿಯುವ ನೀರು, ಒಂದೇ ಕಡೆ ನಿಲ್ಲಲ್ಲ. ಲೋ ಅಲಾರಂ ಅಂಚಿನಲ್ಲೇ ಆಡುತ್ತಿದ್ದರೆ ಹೂಟರ್ ಕೂಗುತ್ತದೆ, ನಿಲ್ಲುತ್ತದೆ, ಮತ್ತೆ ಕೂಗುತ್ತದೆ. ನೈಟ್ ಶಿಫ್ಟ್‌ನವರು ಸ್ಕ್ರೀನ್ ನೋಡದೇ ಅಕ್ನಾಲೆಜ್ ಒತ್ತಲು ಶುರು ಮಾಡುತ್ತಾರೆ. ಅವರನ್ನು ಬೈಯಬೇಡಿ. ಡೆಡ್‌ಬ್ಯಾಂಡ್ ಸೊನ್ನೆಗೆ ಬಿಟ್ಟವರನ್ನು ಕೇಳಿ. ಕೂಗಿದ ಅಲಾರಂ ನಿಲ್ಲಬೇಕಾದರೆ ಅಳತೆ ಮಿತಿಯಿಂದ ಎಷ್ಟು ಹಿಂದೆ ಸರಿಯಬೇಕು ಅನ್ನೋ ಅಂತರವೇ ಡೆಡ್‌ಬ್ಯಾಂಡ್. ಲೆವೆಲ್‌ಗೆ ರೇಂಜಿನ ಶೇ. 5, ಪ್ರೆಶರ್‌ಗೆ 2, ಟೆಂಪರೇಚರ್‌ಗೆ 1, ಇದು ಶುರುವಿಗೆ ಒಪ್ಪುವ ಲೆಕ್ಕ. ಆಮೇಲೆ ಟ್ರೆಂಡ್ ನೋಡಿ ತಿದ್ದಿ. ಟೈಮ್ ಡಿಲೇ (ಮಿತಿ ದಾಟಿದ ಮೇಲೆ ಅಲಾರಂ ಕೂಗಲು ಕಾಯುವ ಸಮಯ) ಮಾತ್ರ ಹುಷಾರಾಗಿ ಕೊಡಿ. ಫುಲ್ ಲೋಡ್‌ನಲ್ಲಿ ಬಾಯ್ಲರಿಗೆ ನೀರು ಕೊಡುವ ಫೀಡ್ ಪಂಪ್ ಟ್ರಿಪ್ ಆದರೆ (ತಾನಾಗೇ ನಿಂತುಹೋದರೆ) ಡ್ರಮ್ ನೀರು ಸೆಕೆಂಡುಗಳ ಲೆಕ್ಕದಲ್ಲಿ ಇಳಿಯುತ್ತದೆ. ಅಲಾರಂಗೂ ಟ್ರಿಪ್‌ಗೂ ನಡುವೆ ಮನುಷ್ಯನಿಗೆ ಕೈಯಾಡಿಸುವಷ್ಟು ಸಮಯ ಇರಲೇಬೇಕು.

ನಿಂತಿರುವ ಸ್ಟ್ಯಾಂಡ್‌ಬೈ ಪಂಪಿಗೆ ಲೋ ಪ್ರೆಶರ್ ಅಲಾರಂ ಯಾಕೆ? ಪಂಪ್ ಓಡುವಾಗ ಮಾತ್ರ ಕೂಗುವಂತೆ ರನ್ ಸಿಗ್ನಲ್‌ಗೆ ಕಟ್ಟಿಹಾಕಿ, ಮುಗೀತು.

ನಮ್ಮ ಕಡೆ ಬೇಸಿಗೆ ಇನ್ನೊಂದು ತಲೆನೋವು. ಚಳಿಗಾಲದಲ್ಲಿ ಕಮಿಷನಿಂಗ್ (ಪ್ಲಾಂಟನ್ನು ಮೊದಲ ಸಲ ಚಾಲೂ) ಮಾಡಿ, ಆಗಲೇ ಮಿತಿ ಹಾಕಿಟ್ಟು, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿತು ಅಂದರೆ ಕೂಲಿಂಗ್ ವಾಟರ್ ಅಲಾರಂ ದಿನವಿಡೀ ಉರಿಯುತ್ತದೆ. ತಲೆಬಿಸಿಯಾಗಿ ಮಿತಿ ಏರಿಸಬೇಡಿ. ಮೆಷಿನ್ ಎಷ್ಟು ತಾಳುತ್ತದೆ ನೋಡಿ, ಬದಲಾವಣೆಯನ್ನು ಬರೆದಿಟ್ಟು, ಸಹಿ ಮಾಡಿಸಿ, ಆಮೇಲೆ ಮುಟ್ಟಿ.

ಈ ವಾರವೇ ಅಲಾರಂ ಲಾಗ್ ತೆಗೆಯಿರಿ. ಜಾಸ್ತಿ ಕೂಗಿದ ಹತ್ತನ್ನು ಆರಿಸಿ, ಅವುಗಳಿಂದ ಶುರು ಮಾಡಿ. ಆ ಮೀಟಿಂಗಿಗೆ ಶಿಫ್ಟ್ ಆಪರೇಟರ್‌ಗಳನ್ನು ಕರೆಯಲೇಬೇಕು. ಹೂಟರ್ ಕೇಳಿಸಿಕೊಳ್ಳೋರು ಅವರೇ ಅಲ್ವಾ?