ಹಾಳೆಯಲ್ಲಿ 8 ಜಿಬಿ, ಪೆಟ್ಟಿಗೆಯಲ್ಲಿ 16

ಕೇಳುಗರಿಗೆಲ್ಲ ನಮಸ್ಕಾರ. ಮನೆಯಲ್ಲಿ ಹಗಲೂ ರಾತ್ರಿ ಓಡುವ ಒಂದು ಸಣ್ಣ ಸರ್ವರ್ ಇಟ್ಟುಕೊಂಡವರ ಜೊತೆ ಇವತ್ತಿನ ಮಾತು. ಫೋನಿನ ಫೋಟೋ ಕೂಡಿಡೋಕೆ, ಟಿವಿಗೆ ಸಿನಿಮಾ ಕಳಿಸೋಕೆ ಅಂತ ತಂದಿರುತ್ತೇವೆ. ಆಮೇಲೆ ಅದರ ಮೇಲೆ ಇನ್ನೊಂದು, ಮತ್ತೊಂದು ಕೆಲಸ ಹೇರುತ್ತಾ ಹೋಗುತ್ತೇವೆ. ರ‍್ಯಾಮ್ ಸಾಲದೆ ಬರುತ್ತದೆ. ಕಂಪನಿ ಕೊಡುವ ವಿವರಗಳ ಹಾಳೆ ನೋಡಿದರೆ ಗರಿಷ್ಠ 8 ಜಿಬಿ ಅಂತ ಇರುತ್ತದೆ. ಅಲ್ಲಿಗೆ ಸುಮ್ನಾಗಬೇಕಾ? ಬೇಕಿಲ್ಲ. ಆದರೆ ಆ ಅಂಕಿ ಎಲ್ಲಿಂದ ಬಂತು ಅಂತ ತಿಳಿದುಕೊಂಡೇ ದುಡ್ಡು ಬಿಚ್ಚಿ.

ಎಚ್‌ಪಿ ಮೈಕ್ರೋಸರ್ವರ್ ಎನ್40ಎಲ್ ಅಂತ ಒಂದು ಪೆಟ್ಟಿಗೆ ಇದೆ. 2011ರದ್ದು. ಎಎಂಡಿ ಟ್ಯೂರಿಯನ್ ಪ್ರೊಸೆಸರ್, ನಾಲ್ಕು ಹಾರ್ಡ್ ಡಿಸ್ಕ್‌ಗೆ ಜಾಗ, ರ‍್ಯಾಮ್‌ಗೆ ಎರಡೇ ಸ್ಲಾಟ್. ಕಂಪನಿ ಹೇಳಿದ್ದು 8 ಜಿಬಿ. ಜನ 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್ ಹಾಕಿದರು, 16 ಓಡಿತು, ವರ್ಷಗಟ್ಟಲೆ ಓಡಿತು. ಹಾಗಾದರೆ ಕಂಪನಿ ಸುಳ್ಳು ಹೇಳಿತ್ತಾ? ಇಲ್ಲ. ಅದರ ಅಣ್ಣ ಎನ್36ಎಲ್ ಬಂದದ್ದು 2010ರಲ್ಲಿ. ಈ ಬಗೆಯ ರ‍್ಯಾಮ್‌ನಲ್ಲಿ ಆಗ ಸುಲಭವಾಗಿ ಸಿಗುತ್ತಿದ್ದ ದೊಡ್ಡ ಸ್ಟಿಕ್ಕೇ 4 ಜಿಬಿಯದ್ದು. ಎರಡು ಸ್ಲಾಟ್, ಒಟ್ಟು 8. ಪರೀಕ್ಷೆ ಮಾಡಿದ್ದನ್ನು ತಾನೇ ಬರೆಯೋಕೆ ಸಾಧ್ಯ? ಆಮೇಲೆ 8 ಜಿಬಿ ಸ್ಟಿಕ್ ಪೇಟೆಗೆ ಬಂತು, ಹಾಳೆ ಮಾತ್ರ ಹಾಗೇ ಉಳಿಯಿತು.

ಇದನ್ನು ಕೇಳಿ ಎಲ್ಲ ಮಿತಿಯೂ ಬರೀ ಕಾಗದದ ಮಾತು ಅಂದುಕೊಂಡರೆ ಕೈ ಸುಟ್ಟುಕೊಳ್ಳುತ್ತೀರಿ. ಅದೇ ಮನೆತನದ ತಮ್ಮ, ಜೆನ್8, ಬಂದದ್ದು 2013ರಲ್ಲಿ. ಈ ಸಲ ಇಂಟೆಲ್ ಪ್ರೊಸೆಸರ್, ಮತ್ತೆ ಎರಡೇ ಸ್ಲಾಟ್, ಮಿತಿ 16 ಜಿಬಿ. ಅಣ್ಣಂದಿರ ಹಾಗೆ ಇದನ್ನೂ ಎರಡರಷ್ಟು ಮಾಡೋಣ ಅಂತ 16 ಜಿಬಿಯ ಸ್ಟಿಕ್ ತಂದರೆ ಏಳುವುದೇ ಇಲ್ಲ. ಪೆಟ್ಟಿಗೆಯನ್ನು ಎಬ್ಬಿಸುವ ಪ್ರೋಗ್ರಾಂ, ಬಯೋಸ್, ಹೊಸದು ಹಾಕಿದರೂ ಅಷ್ಟೇ. ಯಾಕೆಂದರೆ ಈ ಪೆಟ್ಟಿಗೆ ಬಳಸುವ ಡಿಡಿಆರ್3 ಅನ್ನುವ ಬಗೆಯ, ಅಷ್ಟು ದೊಡ್ಡ ಸ್ಟಿಕ್‌ನಲ್ಲಿ ಒಂದೊಂದು ಚಿಪ್ಪೂ 8 ಗಿಗಾಬಿಟ್, ಅಂದರೆ 1 ಜಿಬಿ. ಆ ಕಾಲದ ಇಂಟೆಲ್ ಪ್ರೊಸೆಸರಿನೊಳಗೆ ರ‍್ಯಾಮ್ ನೋಡಿಕೊಳ್ಳುವ ಮೆಮೊರಿ ಕಂಟ್ರೋಲರ್‌ಗೆ ಲೆಕ್ಕ ಬರೋದು 4 ಗಿಗಾಬಿಟ್‌ವರೆಗೆ. ಮನೆ ನಂಬರಿಗೆ ಎರಡೇ ಅಂಕಿ ಅಂತ ಊರಲ್ಲಿ ನಿಯಮ ಇದ್ದರೆ, 99 ದಾಟಿದ ಮನೆಗೆ ಅಂಚೆ ಹೋಗಲ್ಲ, ಮನೆ ಎಷ್ಟು ಚೆನ್ನಾಗಿದ್ದರೂ.

ಅಂದರೆ ಮಿತಿ ಪರೀಕ್ಷೆ ಮಾಡಿದವರದ್ದೋ, ಚಿಪ್ಪಿನದ್ದೋ ಅನ್ನೋದೇ ಇಲ್ಲಿ ಮುಖ್ಯ. ಪ್ರೊಸೆಸರ್ ಕಂಪನಿಯ ಹಾಳೆ ನೋಡಿದರೆ ಗೊತ್ತಾಗಲ್ವಾ ಅಂತ ಕೇಳಬಹುದು. ಅದನ್ನೂ ಪೂರ್ತಿ ನಂಬೋ ಹಾಗಿಲ್ಲ. ಸಿನಾಲಜಿ ಕಂಪನಿಯ ಮನೆ ಸರ್ವರ್ ಡಿಎಸ್920 ಪ್ಲಸ್‌ನಲ್ಲಿ ಇಂಟೆಲ್‌ನ ಸೆಲೆರಾನ್ ಜೆ4125 ಪ್ರೊಸೆಸರ್ ಇದೆ. ಇಂಟೆಲ್ ಅದಕ್ಕೆ 8 ಜಿಬಿ ಅನ್ನುತ್ತದೆ. ಬೋರ್ಡಿಗೇ ಬೆಸುಗೆ ಹಾಕಿದ 4 ಜಿಬಿ ಜೊತೆ 16 ಜಿಬಿ ಸ್ಟಿಕ್ ಸೇರಿಸಿ 20 ಜಿಬಿಯಲ್ಲಿ ಓಡಿಸುತ್ತಿರುವವರು ಬೇಕಾದಷ್ಟು ಜನ. ಈಗಿನ ಅಗ್ಗದ ಮಿನಿ ಪಿಸಿಗಳಲ್ಲಿ ಬರುವ ಇಂಟೆಲ್ ಎನ್100 ಪ್ರೊಸೆಸರ್ ಕಥೆಯೂ ಇದೇ. ಹಾಳೆಯಲ್ಲಿ 16, ಬಳಕೆಯಲ್ಲಿ 32. ಹಾಗಾಗಿ ಕೊನೆಯ ಮಾತು ನಿಮ್ಮದೇ ಮಾಡೆಲ್ ಇಟ್ಟುಕೊಂಡು ಹಾಕಿ ನೋಡಿದವರದ್ದು. ಅವರನ್ನು ಬ್ರ್ಯಾಂಡ್ ಕೇಳಿದರೆ ಸಾಲದು, ಸ್ಟಿಕ್ಕಿನ ಪಾರ್ಟ್ ನಂಬರ್ ಕೇಳಿ. ಒಂದೇ ಕಂಪನಿಯ ಅಷ್ಟೇ ಜಿಬಿಯ ಸ್ಟಿಕ್ ಒಂದರಲ್ಲಿ ಹದಿನಾರು ಸಣ್ಣ ಚಿಪ್ಪು, ಇನ್ನೊಂದರಲ್ಲಿ ಎಂಟು ದೊಡ್ಡ ಚಿಪ್ಪು ಇರಬಹುದು. ಹಳೆಯ ಪೆಟ್ಟಿಗೆ ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಬೇಡ ಅನ್ನಬಹುದು.

ಎನ್40ಎಲ್‌ನಂಥ ಪೆಟ್ಟಿಗೆಗೆ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರು ಒಂದು ವಿಷಯ ನೆನಪಿಡಿ. ದೊಡ್ಡ ಸರ್ವರ್‌ಗಳಿಂದ ಬಿಚ್ಚಿದ ರ‍್ಯಾಮ್ ತುಂಬಾ ಅಗ್ಗ, ನಮ್ಮ ಸ್ಲಾಟಿಗೆ ಸಲೀಸಾಗಿ ಕೂರುತ್ತದೆ ಕೂಡ, ಕೂತಮೇಲೆ ಕೆಲಸ ಮಾತ್ರ ಮಾಡುವುದಿಲ್ಲ. ಅದು ರಿಜಿಸ್ಟರ್ಡ್ ರ‍್ಯಾಮ್, ಅಂದರೆ ಚಿಪ್ಪುಗಳಿಗೂ ಪ್ರೊಸೆಸರಿಗೂ ನಡುವೆ ರಿಜಿಸ್ಟರ್ ಅನ್ನುವ ಇನ್ನೊಂದು ಚಿಪ್ಪು ಇರುವಂಥದ್ದು. ಸ್ಟಿಕ್ಕಿನ ಮೇಲಿನ ಚೀಟಿ ಓದಿ. ಪಿಸಿ3-10600 ಅಂತ ಇದ್ದು ಪಕ್ಕದಲ್ಲಿ ಇಂಗ್ಲಿಷಿನ ಆರ್ ಅಕ್ಷರ ಇದ್ದರೆ ಅಲ್ಲೇ ಬಿಡಿ. ಇ ಇದ್ದರೆ ಇಸಿಸಿ, ಅಂದರೆ ತಪ್ಪು ಹಿಡಿದು ತಿದ್ದುವ ಏರ್ಪಾಡು, ಇರುವ, ಆದರೆ ರಿಜಿಸ್ಟರ್ ಇಲ್ಲದ ಸ್ಟಿಕ್, ನಮಗೆ ಬೇಕಾದದ್ದು ಅದೇ. ಯು ಇದ್ದರೆ ಮಾಮೂಲಿ ಡೆಸ್ಕ್‌ಟಾಪ್‌ನದ್ದು. ಚೀಟಿ ಕಿತ್ತುಹೋಗಿದ್ದರೆ ಚಿಪ್ಪು ಎಣಿಸಿ. ಮಾಮೂಲಿ ಸ್ಟಿಕ್ಕಿನ ಒಂದು ಮಗ್ಗುಲಿಗೆ ಸಾಮಾನ್ಯವಾಗಿ ಎಂಟು. ಇಸಿಸಿಗೆ ಒಂಬತ್ತು, ತಪ್ಪು ಹಿಡಿಯೋಕೆ ಒಂದು ಜಾಸ್ತಿ. ನಡುವೆ ಬೇರೆ ಅಳತೆಯ ಇನ್ನೊಂದು ಚಿಪ್ಪು ಕೂತಿದ್ದರೆ ರಿಜಿಸ್ಟರ್ಡ್ ಅಂತ ಲೆಕ್ಕ.

ನನ್ನನ್ನು ಕೇಳಿದರೆ, ಮನೆಯ ಫೋಟೋಗಳೆಲ್ಲ ಆ ಪೆಟ್ಟಿಗೆಯಲ್ಲೇ ಇದ್ದರೆ ಇಸಿಸಿ ಇಲ್ಲದ 16ಕ್ಕಿಂತ ಇಸಿಸಿ ಇರುವ 8 ಜಿಬಿಯೇ ವಾಸಿ. ನಿಮಗೆ ನಿಜಕ್ಕೂ ರ‍್ಯಾಮ್ ಸಾಲುತ್ತಿಲ್ಲವಾ ಅನ್ನೋದನ್ನೂ ಒಮ್ಮೆ ನೋಡಿಕೊಳ್ಳಿ. ಲಿನಕ್ಸ್ ಖಾಲಿ ರ‍್ಯಾಮ್ ಇಟ್ಟುಕೊಂಡು ಕೂರುವುದಿಲ್ಲ, ಡಿಸ್ಕಿನಿಂದ ಓದಿದ್ದನ್ನೆಲ್ಲ ಅಲ್ಲಿ ತುಂಬಿಕೊಳ್ಳುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ಹಾಗಾಗಿ ‘ಫ್ರೀ’ ಅಂಕಿ ಕಮ್ಮಿ ಇದೆ ಅಂತ ಗಾಬರಿ ಬೇಡ. ‘ಅವೈಲಬಲ್’ ಅಂಕಿ ನೋಡಿ. ಅದು ತಳ ಕಂಡಿದೆ, ರ‍್ಯಾಮ್‌ನಲ್ಲಿ ಹಿಡಿಯದ್ದನ್ನು ಡಿಸ್ಕಿನಲ್ಲಿ ಇಡುವ ಸ್ವಾಪ್‌ಗೆ ಹೋಗಿ ಬರೋದು ನಿಲ್ಲುತ್ತಲೇ ಇಲ್ಲ ಅಂದರೆ ಮಾತ್ರ ಅಂಗಡಿಗೆ ಹೊರಡಿ.

ಎನ್40ಎಲ್‌ನಲ್ಲಿ ರ‍್ಯಾಮ್ ಹಾಕೋದು ಸ್ವಲ್ಪ ತಾಳ್ಮೆಯ ಕೆಲಸ. ಮದರ್‌ಬೋರ್ಡ್ ತಳದ ಒಂದು ಟ್ರೇ ಮೇಲೆ ಇದೆ, ಕೇಬಲ್ ಕಳಚಿ ಟ್ರೇ ಮುಂದಕ್ಕೆ ಎಳೆಯಬೇಕು. ಜಾಗ ಇಕ್ಕಟ್ಟು, ಎಳೆದಾಡಬೇಡಿ. ಮೊದಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಯಾವ ಕೇಬಲ್ ಎಲ್ಲಿಗೆ ಅನ್ನೋ ತಲೆನೋವು ತಪ್ಪುತ್ತದೆ.

ಆನ್ ಆಗಿ 16 ಜಿಬಿ ತೋರಿಸಿತು ಅಂದ ತಕ್ಷಣ ಕೆಲಸಕ್ಕೆ ಹಚ್ಚಬೇಡಿ. ಮೆಮ್‌ಟೆಸ್ಟ್86 ಪ್ಲಸ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ, ಪರವಾಗಿಲ್ಲ ಅನ್ನೋ ಹಾಗಿಲ್ಲ. ಸ್ಟಿಕ್‌ಗಳನ್ನು ಒಂದೊಂದಾಗಿ, ಸ್ಲಾಟ್ ಬದಲಿಸಿ ಮತ್ತೆ ಓಡಿಸಿ. ಆ ತಪ್ಪು ಸ್ಟಿಕ್ಕಿನ ಹಿಂದೆಯೇ ಹೋದರೆ ಸ್ಟಿಕ್ ಹಾಳು, ಸ್ಲಾಟಿನಲ್ಲೇ ಉಳಿದರೆ ಬೋರ್ಡಿನ ತೊಂದರೆ. ಸ್ಟಿಕ್ ಹಾಳಾಗಿದ್ದರೆ ವಾಪಸ್ ತಗೊಳ್ತೀರಾ ಅಂತ ಅಂಗಡಿಯವರನ್ನು ದುಡ್ಡು ಕೊಡುವ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಮಸ್ಕಾರ.