ಹಾರದ ಹಿಂದಿನ ದೀಪ

ಕೇಳುಗರಿಗೆ ನಮಸ್ಕಾರ.

ಮಂಡ್ಯದ ಕಡೆ ಗದ್ದೆ ಇರುವವರಿಗೆ ಪಂಪ್‌ಸೆಟ್ಟಿನ ಕೋಣೆಯನ್ನು ನಾನು ವರ್ಣಿಸಬೇಕಾಗಿಲ್ಲ. ಗೋಡೆಯ ಮೇಲೊಂದು ಸ್ಟಾರ್ಟರ್ ಡಬ್ಬಿ. ಅದಕ್ಕೊಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಪಕ್ಕದಲ್ಲಿ ಕೆಂಪು, ಹಳದಿ, ನೀಲಿ ಬಣ್ಣದ ಮೂರು ಪುಟ್ಟ ದೀಪಗಳು, ಫೇಸಿಗೊಂದರಂತೆ. ಮೂರೂ ಉರಿಯುವುದನ್ನು ನೋಡದೆ ನನ್ನ ತಂದೆ ಹಸಿರು ಗುಂಡಿಗೆ ಕೈ ಹಾಕಿದ್ದನ್ನು ನಾನು ಕಂಡಿಲ್ಲ. ಒಂದು ಫೇಸ್ ಇಲ್ಲದೆ ಮೋಟಾರ್ ಓಡಿಸಿ, ಸುಟ್ಟ ಸುರುಳಿಯನ್ನು ಮತ್ತೆ ಸುತ್ತಿಸಲು ದುಡ್ಡು ಕೊಟ್ಟವರಿಗೆ ಕಾರಣ ಗೊತ್ತು.

ನಾನು ಮೈಸೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವವನು. ಒಂದು ಕಚೇರಿಯ ಲೆಕ್ಕಪತ್ರವನ್ನೆಲ್ಲ ಹೊತ್ತುಕೊಂಡು ಹಗಲೂ ರಾತ್ರಿ ಓಡುವ ಕಂಪ್ಯೂಟರ್ ಅದು. ತೆಳುವಾದ ಸರ್ವರಿನ ಎತ್ತರ ಸುಮಾರು 44 ಮಿಲಿಮೀಟರ್, ಅಷ್ಟೇ. ಎದುರಿಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಎರಡು ಮೂರು ಗುಂಡಿ, ಒಂದಷ್ಟು ದೀಪ. ಅದರ ಮಾತೆಲ್ಲ ಅಲ್ಲೇ.

ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಸರ್ವರ್ ತೆರೆದ ಕಡತಗಳನ್ನು ಮುಚ್ಚಿಕೊಂಡು ಮರ್ಯಾದೆಯಿಂದ ಮಲಗುತ್ತದೆ. ನಾಲ್ಕೈದು ಸೆಕೆಂಡು ಒತ್ತಿಹಿಡಿದರೆ ಕತ್ತು ಹಿಸುಕಿದಂತೆ, ಬರೆಯುತ್ತಿದ್ದ ಅಕ್ಷರ ಅರ್ಧಕ್ಕೇ ನಿಲ್ಲುತ್ತದೆ. ಗಾಬರಿಯಾದವರು ಒತ್ತಿಹಿಡಿಯುವುದೇ ಹೆಚ್ಚು. ಕೆಲವು ಯಂತ್ರಗಳಲ್ಲಿ ಸೂಜಿಮೊನೆ ಮಾತ್ರ ಹೋಗುವ ತೂತಿನೊಳಗೆ ಇನ್ನೊಂದು ಗುಂಡಿ ಅಡಗಿರುತ್ತದೆ. ಅದು ತಜ್ಞರ ತಪಾಸಣೆಗೆಂದು ಇರುವುದು. ಕುತೂಹಲಕ್ಕೆ ಚುಚ್ಚಿದರೆ ಓಡುತ್ತಿರುವ ಸರ್ವರ್ ಕುಸಿದು ಬೀಳಬಹುದು.

ನನಗೆ ಇಷ್ಟವಾದದ್ದು ಗುರುತಿನ ಗುಂಡಿ. ಮುಂದೆ ಒತ್ತಿದರೆ ಹಿಂದೆಯೂ ನೀಲಿ ದೀಪ ಹೊತ್ತಿಕೊಳ್ಳುತ್ತದೆ. ಸರ್ವರ್‌ಗಳನ್ನು ಜೋಡಿಸಿಟ್ಟ ಕಪಾಟಿನ ಹಿಂದೆ ಹೋಗಿ ನಿಂತರೆ ಇಪ್ಪತ್ತು ಸರ್ವರ್‌ಗಳೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಕೇಬಲ್ ಕೀಳಬೇಕಾದದ್ದು ಯಾವುದರಿಂದ ಎಂದು ಆ ನೀಲಿಯೇ ಹೇಳಬೇಕು. ಅಂದ ಹಾಗೆ, ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಪ್ರಖರವಾದ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು.

ಬಣ್ಣಗಳ ವಿಷಯದಲ್ಲಿ ತಯಾರಕರಿಗೆ ಒಮ್ಮತವಿಲ್ಲ. ಯಂತ್ರ ಚೆನ್ನಾಗಿದೆ ಎಂದು ಹೇಳುವ ಆರೋಗ್ಯದ ದೀಪ ಎಚ್‌ಪಿ ಯಂತ್ರಗಳಲ್ಲಿ ಹಸಿರು, ಡೆಲ್‌ನ ಹಲವು ಯಂತ್ರಗಳಲ್ಲಿ ನೀಲಿ. ಕಿತ್ತಳೆ ಬಣ್ಣ ಸಾಮಾನ್ಯವಾಗಿ ಎಚ್ಚರಿಕೆ; ಆದರೆ ಎಚ್‌ಪಿಯ ಪವರ್ ಗುಂಡಿ ಕಿತ್ತಳೆಯಾಗಿದ್ದರೆ ಕೆಟ್ಟಿದೆ ಎಂದಲ್ಲ, ವಿದ್ಯುತ್ ಬಂದಿದೆ, ಯಂತ್ರ ಇನ್ನೂ ಎದ್ದಿಲ್ಲ ಎಂದು.

ಇಷ್ಟೆಲ್ಲ ಬಲ್ಲ ನಾನು ಎಡವಿದ್ದು ಒಂದು ವಿಜಯದಶಮಿಯ ದಿನ. ಊರೆಲ್ಲ ಜಂಬೂಸವಾರಿಗೆ ಹೋಗಿತ್ತು. ಒಂದು ಕಚೇರಿಯ ಸರ್ವರಿನಿಂದ ನನ್ನ ಮೊಬೈಲಿಗೆ ಸಂದೇಶ ಬಂತು: ಡಿಸ್ಕ್ 2 ಕೆಟ್ಟಿದೆ. ಅಲ್ಲಿದ್ದದ್ದು ಮುಂದಿನಿಂದಲೇ ಎಳೆದು ತೆಗೆಯುವ ನಾಲ್ಕು ಡಿಸ್ಕ್. ಒಂದು ಕೆಟ್ಟರೆ ಉಳಿದ ಮೂರು ಮಾಹಿತಿಯನ್ನು ಕಾಪಾಡುತ್ತವೆ, ಎರಡು ಹೋದರೆ ಕಥೆ ಮುಗಿಯಿತು. ಹಿಂದಿನ ದಿನ ಆಯುಧಪೂಜೆ ಮಾಡಿ, ಸರ್ವರಿನ ಮುಖ ಮುಚ್ಚುವಂತೆ ಸೇವಂತಿಗೆ ಹಾರ ಹಾಕಿದ್ದರು. ಪೂಜೆಯ ಹಾರ ತೆಗೆಯುವುದೇಕೆ ಎಂದುಕೊಂಡು ಅದರಡಿ ಕೈ ತೂರಿಸಿ, ಎಡದಿಂದ ಒಂದು, ಎರಡು ಎಂದು ಎಣಿಸಿ ಎಳೆದೆ. ಆ ಸರ್ವರ್ ಎಣಿಸುವುದು ಸೊನ್ನೆಯಿಂದ. ನಾನು ಎಳೆದದ್ದು ಚೆನ್ನಾಗಿದ್ದ ಡಿಸ್ಕನ್ನು.

ಹಾರ ಸರಿಸಿದಾಗ ಮೂರನೆಯ ಡಿಸ್ಕಿನ ಮೇಲೆ ಕಿತ್ತಳೆ ದೀಪ ಉರಿಯುತ್ತಲೇ ಇತ್ತು. ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಎಲ್ಲವನ್ನೂ ಮತ್ತೆ ತುಂಬಿಸುವಷ್ಟರಲ್ಲಿ ಬೆಳಗಾಯಿತು.

ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಸೊನ್ನೆಯ ಲೆಕ್ಕ ಅವರಿಗೆ ಬೇಕಾಗಲಿಲ್ಲ. "ಅಲ್ಲಪ್ಪಾ, ನಾವೂ ಸ್ಟಾರ್ಟರಿಗೆ ಪೂಜೆ ಮಾಡುತ್ತೇವೆ. ಹೂವನ್ನು ಡಬ್ಬಿಯ ತಲೆಯ ಮೇಲೆ ಇಡುತ್ತೇವೆ, ಕಣ್ಣಿನ ಮೇಲಲ್ಲ," ಎಂದು ಹೇಳಿ ಮೋಟಾರ್ ಹಾಕಲು ಎದ್ದುಹೋದರು.